ಅತ್ತೆಯನ್ನು ಮುಂದೆ ನಿಲ್ಲಿಸಿದ ಆಂಟೆನಾ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದವರು ಮೊದಲಿನಿಂದಲೂ ನಾಚಿಕೆಯಿಲ್ಲದವರೇ ಇರಬೇಕು. ನನಗಂತೂ ಮೊಮ್ಮಕ್ಕಳು ಬಂದ ಮೇಲೂ ಅದು ಹೋಗಲಿಲ್ಲ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಪರವಾಗಿ ಪಕ್ಕದ ಹುಡುಗಿ "ಬಂದಿದಾಳೆ ಸಾರ್" ಎನ್ನುತ್ತಿದ್ದಳು. ದೆಹಲಿಯ ದ್ವಾರಕಾದಲ್ಲಿ ಇಂದಿಗೂ ತರಕಾರಿ ಭಯ್ಯಾನ ಗಾಡಿಯ ಮುಂದೆ ಬೆರಳು ತೋರಿಸಿಯೇ ವ್ಯಾಪಾರ ಮಾಡುತ್ತೇನೆ. ಒಮ್ಮೆ ಬೆಂಡೆಕಾಯಿಗೆಂದು ಚಾಚಿದ ಬೆರಳು ಹಾಗಲಕಾಯಿಯತ್ತ ವಾಲಿತು. ತಿದ್ದಬೇಕಾದರೆ ಬಾಯಿ ಬಿಡಬೇಕಿತ್ತಲ್ಲ! ಆ ವಾರವೆಲ್ಲ ನೀವು ಮುಖ ಸೊಟ್ಟ ಮಾಡಿಕೊಂಡು ತಿಂದದ್ದು ಅದೇ ಹಾಗಲಕಾಯಿ, ಮಕ್ಕಳೇ.

ಇಂಥವಳ ಬಳಿ ಹ್ಯಾಮ್ ರೇಡಿಯೊ ಲೈಸೆನ್ಸ್ ಇದೆ ಎಂದರೆ ಯಾರಾದರೂ ನಗುತ್ತಾರೆ. ನಿಮ್ಮ ತಾತ ಸೈನ್ಯದಲ್ಲಿ ತಂತಿ, ರೇಡಿಯೊ ನೋಡಿಕೊಳ್ಳುತ್ತಿದ್ದವರು. ನಿವೃತ್ತಿಯಾದ ಮೇಲೆ ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ಊರೂರಿನ ಹ್ಯಾಮುಗಳೊಡನೆ, ಅಂದರೆ ತಮ್ಮಂಥ ರೇಡಿಯೊ ಹವ್ಯಾಸಿಗಳೊಡನೆ, ಮಾತಾಡುತ್ತಿದ್ದರು. ಜೊತೆಗಿರಲಿ ಎಂದು ನನಗೂ ಪಾಠ ಹೇಳಿ ಪರೀಕ್ಷೆ ಕಟ್ಟಿಸಿದರು. ಬರೆಯುವ ಪರೀಕ್ಷೆ, ಹಾಗಾಗಿ ಪಾಸಾದೆ. ಆದರೆ ಮೈಕು ಕೈಗೆ ಕೊಟ್ಟಾಗಲೆಲ್ಲ ಒಲೆಯ ಮೇಲೆ ಏನೋ ಸೀಯುತ್ತಿರುವಂತೆ ಅಡುಗೆಮನೆಗೆ ಓಡುತ್ತಿದ್ದೆ. ಅವರು ಹೋದ ಮೇಲೆ ಸೆಟ್ಟಿಗೆ ಕಸೂತಿ ಬಟ್ಟೆ ಹೊದಿಸಿ ದಿನವೂ ಧೂಳು ಒರೆಸುತ್ತಿದ್ದೆ, ಅಷ್ಟೇ.

ಒಂದು ದಿನ ನಿಮ್ಮ ಅಪ್ಪ ರಘು ಶುರುಮಾಡಿದ. "ಅಮ್ಮಾ, ಯಾರೂ ಮಾತಾಡದ ಸೆಟ್ಟನ್ನ ಎಷ್ಟು ದಿನ ಒರೆಸ್ತಾ ಕೂತಿರ್ತೀಯ? ಹೌಜ್ ಖಾಸ್ ಕಾಲೇಜಿನ ಒಬ್ಬಳು ಹುಡುಗಿ ಅವರ ಕ್ಲಬ್ಬಿಗೆ ಬೇಕು ಅಂತಿದಾಳೆ. ಭಾನುವಾರ ಬರ್ತಾಳೆ, ಕೊಟ್ಬಿಡೋಣ."

"ನಾನೇ ಮಾತಾಡ್ತೀನಿ" ಎಂದುಬಿಟ್ಟೆ.

"ನೀನಾ? ಅವಳು ಬರೋದ್ರೊಳಗೆ ಒಂದೇ ಒಂದು ಸಲ ಮಾತಾಡಿಬಿಡು, ಸೆಟ್ಟು ನಿಂದೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಸೆಟ್ಟಿನ ಗುಂಡಿಗಳ ಮೇಲೆ ತಾತನ ಬೆರಳಿನ ಸವೆತ ಇನ್ನೂ ಇದೆ. ಅದು ಮನೆಯಿಂದಾಚೆ ಹೋಗುವುದು ನನಗೆ ಬೇಡವಾಗಿತ್ತು. ಆದರೆ ಬಾಲ್ಕನಿಯ ಹಳೆಯ ಆಂಟೆನಾ ಮಾತನ್ನು ಸುತ್ತ ಎಲ್ಲ ದಿಕ್ಕಿಗೂ ಎರಚುತ್ತದೆ, ಡಂಗುರ ಹೊಡೆದ ಹಾಗೆ. ನನಗೆ ಬೇಕಾಗಿದ್ದವರು ನೋಯ್ಡಾದ ಬೋಜಮ್ಮ ಒಬ್ಬರೇ. ಕೊಡಗಿನವರು, ಅವರ ಯಜಮಾನರೂ ತಾತನೂ ಒಂದೇ ಪಲ್ಟನ್ನಿನವರು. ಅವರಿಗೂ ಲೈಸೆನ್ಸ್ ಇದೆ, ಬಾಯಿಯೂ ಇದೆ.

"ಅಜ್ಜಿ, ಫೋನ್ ಕರ್ ಲೋ ನಾ!" ಎಂದಳು ನಿಮ್ಮಲ್ಲೊಬ್ಬಳಾದ ಇಳಾ. ಫೋನ್ ಮಾಡಿದರೆ ಸೆಟ್ಟು ಉಳಿಯುತ್ತದೆಯೇ, ಪುಟ್ಟಿ?

ತಾತನ ಪುಸ್ತಕದಲ್ಲಿ ಯಾಗಿ ಎಂಬ ಆಂಟೆನಾದ ಚಿತ್ರವಿತ್ತು. ಅದು ಮಾತನ್ನು ಹೆಚ್ಚಾಗಿ ಒಂದೇ ಕಡೆಗೆ ಕಳಿಸುತ್ತದಂತೆ. ಇಷ್ಟು ಕೇಳಿದ್ದೇ ತಡ, ಇದನ್ನು ಕಂಡುಹಿಡಿದವರೂ ನನ್ನಂತೆ ನಾಚಿಕೆಯವರೇ ಎಂದು ತೀರ್ಮಾನಿಸಿದೆ. ಒಂದು ದಂಡಕ್ಕೆ ಅಡ್ಡಡ್ಡ ಮೂರು ಕಡ್ಡಿ. ಉದ್ದದ್ದೊಂದು, ಮಧ್ಯಮದ್ದೊಂದು, ಗಿಡ್ಡದ್ದೊಂದು. ನಡುವಿನದಕ್ಕೆ ಸೆಟ್ಟಿನ ವೈರು. ಮುನ್ನೂರನ್ನು ನಮ್ಮ ತರಂಗದ ಮೆಗಾಹರ್ಟ್ಜ್ ಸಂಖ್ಯೆಯಿಂದ ಭಾಗಿಸಿ ಅರ್ಧ ಮಾಡಿದರೆ ಕಡ್ಡಿಯ ಉದ್ದ ಮೀಟರಿನಲ್ಲಿ ಹೆಚ್ಚುಕಡಿಮೆ ಸಿಗುತ್ತದೆ. ಮಗ್ಗಿ ಕಲಿಸಿದ ಮೇಷ್ಟ್ರು ಪುಣ್ಯಾತ್ಮರು. ರವಿಕೆ ಅಳತೆಯ ಟೇಪು, ನೆಲ ಒರೆಸುವ ಕೋಲು ಮನೆಯಲ್ಲೇ ಇದ್ದವು. ಅಲ್ಯೂಮಿನಿಯಂ ಕಡ್ಡಿಗೆ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅವನು "ಮಾತಾಜಿ, ಪರ್ದಾ ಲಗಾನಾ ಹೈ ಕ್ಯಾ?" ಎಂದ. ಅಲ್ಲ ಎಂದರೆ ವಿವರಿಸಬೇಕು. ತಲೆಯಾಡಿಸಿದೆ. ಪರದೆಯ ಕೊಂಡಿಗಳನ್ನೂ ಕಟ್ಟಿಕೊಟ್ಟ.

ಇಂಗ್ಲಿಷ್ ಪುಸ್ತಕ ಓದಿ ಹೇಳುತ್ತಿದ್ದ ಇಳಾ "ಅಜ್ಜಿ, ಸುನೋ ತೋ, ಕೌನ್‌ಸಾ ಆಗೇ..." ಎನ್ನುತ್ತಿದ್ದಂತೆ ನಾನು ಕೈಯೆತ್ತಿ ತಡೆದೆ. ಯಾವುದು ಮುಂದೆ ಎಂದು ಪುಸ್ತಕ ಹೇಳಿಕೊಡಬೇಕೇ? ಪಂಕ್ತಿಯಲ್ಲಿ, ಫೋಟೋದಲ್ಲಿ, ಮದುವೆಯ ದಿಬ್ಬಣದಲ್ಲಿ ಹಿರಿಯರು ಮುಂದೆ. ನನ್ನ ಕಣ್ಣಿಗೆ ಉದ್ದದ ಕಡ್ಡಿ ಅತ್ತೆ, ವೈರು ಕಟ್ಟಿಸಿಕೊಂಡು ದುಡಿಯುವ ನಡುವಿನದು ಸೊಸೆ, ಗಿಡ್ಡದ್ದು ಮೊಮ್ಮಗು. ಅತ್ತೆಯವರನ್ನು ಗೌರವದಿಂದ ನೋಯ್ಡಾದ ಕಡೆಗೆ, ಅಂದರೆ ಪೂರ್ವಕ್ಕೆ ನಿಲ್ಲಿಸಿ ತಾರಸಿಯ ಕಂಬಕ್ಕೆ ಬಿಗಿಸಿದೆ.

ಭಾನುವಾರ ಬೆಳಿಗ್ಗೆ, ಇಳಾಳ ಕೈಲಿ ಬೋಜಮ್ಮನವರಿಗೆ ಫೋನ್ ಮಾಡಿಸಿ ಗೊತ್ತುಮಾಡಿದ್ದ ಹೊತ್ತಿಗೆ, ಸೆಟ್ಟಿನ ಮುಂದೆ ಕೂತೆ. ಕಾಲೇಜಿನ ಹುಡುಗಿ ಮೆಟ್ರೊದಲ್ಲಿ ಹೊರಟಾಗಿತ್ತು. ಮೈಕು ಹಿಡಿದು ನನ್ನ ಕರೆಸಂಕೇತ ಹೇಳಿ, "ಬೋಜಮ್ಮಾ, ಕೇಳಿಸ್ತಿದೆಯಾ?" ಎಂದೆ. ಬುಸ್ ಎಂಬ ಸದ್ದು ಮಾತ್ರ. ಮತ್ತೆ ಕರೆದೆ. ಅದೇ ಬುಸ್. ಯಾರಿಗೂ ಕೇಳಿಸುತ್ತಿಲ್ಲ ಎಂದು ಖಾತ್ರಿಯಾದ ಕೂಡಲೇ ನನಗೇನಾಯಿತೋ, ನಾಲಿಗೆ ಸಡಿಲವಾಯಿತು. ಈ ಸೆಟ್ಟಿನಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ನಮ್ಮ ಮಾತು, ಬಿಟ್ಟರಷ್ಟೇ ಬೇರೆಯವರದು. ಒತ್ತಿಹಿಡಿದು ಹೇಳಿದೆ: ಮಂಡಿನೋವು, ರಘುವಿನ ಗೊರಕೆ, ದೆಹಲಿಯಲ್ಲಿ ಸೊಗಡಿನ ಅವರೆಕಾಯಿ ಸಿಗದ ಸಂಕಟ. ಕೊನೆಗೆ ನಿಮ್ಮ ತಾತನಿಗೇ, "ನೋಡಿ, ಮಾತಾಡಿದೆ. ಕೇಳೋಕೆ ನೀವಿಲ್ಲ" ಎಂದೂ ಹೇಳಿಬಿಟ್ಟೆ. ಗುಂಡಿ ಬಿಟ್ಟೆ.

"ತಾಈ, ರಾಮ್ ರಾಮ್!" ಎಂದಿತು ಸೆಟ್ಟು. ಗಡಸು ಹರಿಯಾಣದ ದನಿ. "ಬಾತ್ ತೋ ಏಕ್ ನಾ ಸಮಝ್ ಮೇ ಆಈ, ಪರ್ ಆವಾಜ್ ಕತಿ ಸಾಫ್ ಸೈ!" ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ದನಿ ಮಾತ್ರ ಸ್ವಚ್ಛವಾಗಿದೆ ಎಂಬ ಮೆಚ್ಚುಗೆ. ಬಹಾದುರ್‌ಗಢದ ಕಡೆಯ ನಿವೃತ್ತ ಹವಾಲ್ದಾರರಂತೆ. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಪಶ್ಚಿಮದ ಹ್ಯಾಮುಗಳೆಲ್ಲ ಚಹಾ ಕುಡಿಯುತ್ತ ನನ್ನನ್ನು ಕೇಳುತ್ತಿದ್ದರು! ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಬೋಜಮ್ಮ. "ಎಲ್ಲಿ ಹೋದ್ರಿ ಜಾನಕಿ? ಕಾದು ಕಾದು ನನ್ನ ಕಾಫಿ ಆರಿ ಹೋಯ್ತು!"

ತಿರುಗಿ ನೋಡಿದರೆ ಬಾಗಿಲಲ್ಲಿ ರಘು, ಇಳಾ, ಅವರ ಹಿಂದೆ ಆಗಲೇ ಬಂದು ನಿಂತಿದ್ದ ಕಾಲೇಜಿನ ಹುಡುಗಿ. ಹುಬ್ಬಳ್ಳಿಯವಳು. ತಾರಸಿ ಹತ್ತಿ ನೋಡಿ ಬಂದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ, ದೊಡ್ಡ ಕಡ್ಡಿ ಹಿಂದಿರಬೇಕ್ರಿ. ಅದು ಹಿಂದ ನಿಂತು ಮುಂದಕ್ಕ ದೂಡತೈತಿ. ದಾರಿ ತೋರಸೋದು ಸಣ್ಣದು." ಆಮೇಲೆ ರಘುವಿಗೆ, "ಸೆಟ್ಟು ಇಲ್ಲೇ ಇರಲಿ ಸರ್. ನಮ್ಮ ಕ್ಲಬ್ಬಿನಾಗ ಇಷ್ಟು ಮಾತಾಡೋರು ಯಾರೂ ಇಲ್ಲ" ಎಂದಳು.

ಕಂಬ ತಿರುಗಿಸಿದ ಮೇಲೆ ಬೋಜಮ್ಮ ಸಿಕ್ಕರು. ಆದರೆ ದಿನ ಬಿಟ್ಟು ದಿನ ಅದನ್ನು ಪಶ್ಚಿಮಕ್ಕೂ ತಿರುಗಿಸುತ್ತೇನೆ. ಹವಾಲ್ದಾರರ ಎಮ್ಮೆ ಕರು ಹಾಕುವುದರಲ್ಲಿದೆ, ವಿಚಾರಿಸಬೇಡವೇ?

ಕಳೆದ ದೀಪಾವಳಿಯ ಫೋಟೋಗೆ ರಘು ಕುರ್ಚಿ ಹಾಕಿ "ಅಮ್ಮಾ, ನೀನು ಮುಂದೆ" ಎಂದ. ಒಪ್ಪಲಿಲ್ಲ. ದೊಡ್ಡ ಕಡ್ಡಿಯ ಜಾಗ ಹಿಂದೆ ಎಂದು ಶಾಸ್ತ್ರ ಹೇಳಿ ಎಲ್ಲರ ಬೆನ್ನಿಗೆ ಹೋಗಿ ನಿಂತೆ. ನಿಜ ಹೇಳಬೇಕೆಂದರೆ ಕ್ಯಾಮೆರಾ ಕಂಡರೆ ನನಗೆ ಈಗಲೂ ನಾಚಿಕೆ. ಫೋಟೋದಲ್ಲಿ ನನ್ನ ನೆತ್ತಿ ಮಾತ್ರ ಬಂದಿದೆ. ಉಳಿದವರೆಲ್ಲ ಬೆಚ್ಚಿ ಕಣ್ಣರಳಿಸಿದ್ದಾರೆ, ಏಕೆಂದರೆ ಅದೇ ಗಳಿಗೆಯಲ್ಲಿ ಹಿಂದಿನಿಂದ "ನೆಟ್ಟಗೆ ನಿಂತ್ಕೊಳ್ಳಿ!" ಎಂದು ಕೂಗಿದವಳು ನಾನೇ.