ಅಕ್ಕನ ಫ್ರೇಮಿಗೆ ಹಿಡಿಯದ ಸೂರ್ಯ

ಫೋಟೊ ತೆಗೆಯುವುದು ಅಂಥ ಕಷ್ಟವೇನಲ್ಲ. ತೆಗೆದ ಮೇಲೆ ಅದರಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕತ್ತರಿಸಬೇಕು ಎಂದು ತೀರ್ಮಾನಿಸುವುದಿದೆಯಲ್ಲ, ಅಲ್ಲಿದೆ ಕಷ್ಟ. ನಾನಂತೂ ಏನನ್ನೂ ಕತ್ತರಿಸಲಾರದ ಮನುಷ್ಯ. ನಮ್ಮ ಹಿತ್ತಲಿನ ನುಗ್ಗೆಮರದ ಕೊಂಬೆ ಪಕ್ಕದ ಮನೆಯವರ ತಾರಸಿಯ ಮೇಲೆ ಆರಾಮಾಗಿ ಮಲಗಿದೆ, ಅವರು ಒಣಗಲು ಹಾಕಿದ ಸಂಡಿಗೆಯ ಮೇಲೆ ಎಲೆ ಉದುರಿಸುತ್ತಿದೆ, ಆದರೂ ನನಗೆ ಮಚ್ಚು ಎತ್ತಲು ಮನಸ್ಸು ಬಂದಿಲ್ಲ. ಆಫೀಸಿನಲ್ಲಿ ಅರ್ಧ ಪುಟದ ಪತ್ರ ಬರೆ ಅಂದರೆ ಮೂರು ಪುಟ ಬರೆದು, ಯಾವ ಸಾಲು ತೆಗೆದರೂ ಪಾಪ ಅನ್ನಿಸಿ ಹಾಗೇ ಕಳಿಸಿ ಬೈಸಿಕೊಂಡವನು ನಾನು. ‘ಇವ್ರಿಗೆ ಉಗುರು ಕತ್ತರಿಸ್ಕೊಳ್ಳೋದಕ್ಕೂ ಒಳ್ಳೆ ದಿನ ನೋಡ್ಬೇಕು’ ಎಂದು ನನ್ನ ಹೆಂಡತಿ ಸುಮ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಇಂಥವನ ಕೈಗೆ ಒಂದು ಸೂರ್ಯಾಸ್ತ ಸಿಕ್ಕಿತು.

ಸಿಕ್ಕಿದ್ದು ಮಲ್ಪೆಯಲ್ಲಿ. ಕೊಳ್ಳೇಗಾಲದಿಂದ ಟೂರ್ ಬಸ್ಸಿನಲ್ಲಿ ನಾನು, ಸುಮ, ನನ್ನ ಅಕ್ಕ ಮಹದೇವಮ್ಮ ಮೂವರೂ ಧರ್ಮಸ್ಥಳಕ್ಕೆ ಹೋಗಿ, ಹಾಗೇ ಸಮುದ್ರ ತೋರಿಸಿಕೊಂಡು ಬರೋಣ ಎಂದು ಹೊರಟಿದ್ದೆವು. ಅಕ್ಕ ಹನೂರು ತಾಲ್ಲೂಕಿನ ಹೂಗ್ಯಂನವಳು. ಕಾಡಂಚಿನ ಆ ಊರಿನಿಂದ ಆಕೆ ನೋಡಿದ್ದ ಅತಿ ದೊಡ್ಡ ನೀರೆಂದರೆ ಕಾವೇರಿ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳಿಗೆ ಅರವತ್ತರ ಹತ್ತಿರವಾದರೂ ಒಮ್ಮೆ ಸಮುದ್ರ ತೋರಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಆಕೆ ನೀರಿನ ಕಡೆ ನಡೆದಳು, ನಾನು ಫೋನು ತೆಗೆದೆ. ಬಲಗಡೆ ಕಿತ್ತಳೆ ಬಣ್ಣದ ಸೂರ್ಯ ನೀರಿಗೆ ಇನ್ನೇನು ತಾಗುವಂತಿದ್ದ. ಎಡ ಅಂಚಿನಲ್ಲಿ ನಮಗೆ ಬೆನ್ನು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಅಕ್ಕ. ಅವಳ ಪಕ್ಕದಲ್ಲಿ ಹಸಿರು ಸೀರೆಯ ಯಾರೋ ಹೆಂಗಸು. ನಡುವೆ ಬೇಕಾದಷ್ಟು ಸಮುದ್ರ. ಯಳಂದೂರಿನ ನಮ್ಮ ಆಫೀಸಿನಲ್ಲಿ ಆ ಫೋಟೊ ಎಲ್ಲರ ಕೈ ಸುತ್ತಿ ಬಂತು. ‘ಕ್ಯಾಲೆಂಡರಿಗೆ ಹಾಕೋ ಹಂಗದೆ ಸಾ’ ಎಂದು ನಮ್ಮ ಅಟೆಂಡರ್ ಅಂದದ್ದನ್ನು ನಾನು ಮನೆಗೆ ಬಂದು ಸುಮಳಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಅವಳು ಟಿ.ವಿ. ಸೌಂಡು ಜಾಸ್ತಿ ಮಾಡಿದಳು.

ಆಮೇಲೆ ಒಂದು ದಿನ ಅಕ್ಕನ ಫೋನು ಬಂತು. ಊರಲ್ಲಿ ಅವಳ ಮಾನ ಹೋಗುತ್ತಿತ್ತು.

ಆಗಿದ್ದು ಇಷ್ಟು. ಅಕ್ಕನ ಪಕ್ಕದ ಮನೆಯಲ್ಲಿ ಚಿನ್ನಮ್ಮ ಎಂಬಾಕೆ ಇದ್ದಾರೆ. ತವರು ತಮಿಳುನಾಡಿನ ಗಡಿಯಾಚೆ. ಹಿಂದೆ ಭಜನೆಯವರ ಜೊತೆ ರಾಮೇಶ್ವರಕ್ಕೆ ಹೋಗಿ ಬಂದವರು. ಹೂಗ್ಯಂನ ಆ ಬೀದಿಯಲ್ಲಿ ಸಮುದ್ರದ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಅಂಥವರ ಮುಂದೆ ಅಕ್ಕ ಜಗಲಿಯ ಮೇಲೆ ಕೂತು, ಸೂರ್ಯ ಸಮುದ್ರದೊಳಕ್ಕೆ ಮುಳುಗಿದ್ದನ್ನು ಕಣ್ಣಾರೆ ಕಂಡೆ ಅಂದುಬಿಟ್ಟಿದ್ದಾಳೆ. ಚಿನ್ನಮ್ಮ ನಕ್ಕುಬಿಟ್ಟರಂತೆ. ಸಮುದ್ರದಿಂದ ಸೂರ್ಯ ಮೇಲಕ್ಕೆ ಬರುತ್ತಾನೆ, ರಾಮೇಶ್ವರದಲ್ಲಿ ಸ್ನಾನ ಮಾಡುತ್ತ ನಿಂತು ನಾನೇ ನೋಡಿದ್ದೇನೆ, ಮುಳುಗುವುದು ಎಲ್ಲಿಂದ ಬಂತು, ಈಯಮ್ಮ ಧರ್ಮಸ್ಥಳದಿಂದಲೇ ವಾಪಸ್ ಬಂದಿದ್ದಾಳೆ ಅಂದರಂತೆ. ಬೀದಿಯವರೆಲ್ಲ ಹೌದೆಂದು ತಲೆ ಆಡಿಸಿದ್ದಾರೆ.

‘ನೀರ್ ತರಕ್ಕೋದ್ರೆ, ಏನವ್ವ ಸಮುದ್ರದಮ್ಮ ಅಂತ ಆಡ್ಕತಾರೆ ಕಣ್ಲಾ’ ಅಂದಳು ಅಕ್ಕ. ದನಿ ಎಂದಿನಂತಿರಲಿಲ್ಲ. ‘ನಾ ಯಾವತ್ತಾದ್ರೂ ಸುಳ್ ಏಳಿದ್ದೀನಾ? ಆ ಪೋಟ ಒಂದ ದೊಡ್ದು ಮಾಡ್ಸಿ ತಕಂಡ್ ಬಾ. ಕಟ್ಟು ನಾನೇ ಕಳಿಸ್ತೀನಿ.’

ಮಾರನೆಯ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫ್ರೇಮು ಬಂತು. ಹಿಂದೆ ಅದರಲ್ಲಿದ್ದ ದೇವರ ಪಟವನ್ನು ಹುಳ ತಿಂದಿತ್ತು, ಮರ ಮತ್ತು ಗಾಜು ಗಟ್ಟಿಮುಟ್ಟಾಗಿದ್ದವು. ಕಷ್ಟವೇನೆಂದರೆ ದೇವರು ನಿಂತಿದ್ದ, ಹಾಗಾಗಿ ಫ್ರೇಮೂ ಉದ್ದಕ್ಕೆ ನಿಂತಿತ್ತು. ನನ್ನ ಸಮುದ್ರವೋ ಅಡ್ಡಕ್ಕೆ ಮಲಗಿತ್ತು. ಸೂರ್ಯನನ್ನು ಒಳಗೆ ಸೇರಿಸಿದರೆ ಅಕ್ಕ ಹೊರಗೆ, ಅಕ್ಕನನ್ನು ಸೇರಿಸಿದರೆ ಸೂರ್ಯ ಹೊರಗೆ. ಹೊಸ ಫ್ರೇಮು ತರುತ್ತೇನೆ ಅಂದರೆ ಅಕ್ಕ ಒಪ್ಪಲಿಲ್ಲ. ದೇವರಿದ್ದ ಕಟ್ಟು ಗೋಡೆಯ ಮೇಲೆ ಇರಬೇಕೇ ಹೊರತು ಅಟ್ಟದ ಮೇಲಲ್ಲ ಎಂಬುದು ಅವಳ ವಾದ.

ನಾನು ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡು ಕೊಳ್ಳೇಗಾಲದಲ್ಲಿ ಕುಮಾರ ಎಂಬುವವನ ಸ್ಟುಡಿಯೋಗೆ ಹೋದೆ. ಅವನು ಕಂಪ್ಯೂಟರ್ ಪರದೆಯ ಮೇಲೆ ಫೋಟೊ ಹರಡಿ, ಅದರ ಮೇಲೊಂದು ನಿಂತ ಚೌಕ ಎಳೆದು, ಎಲ್ಲಿ ಇಡಲಿ ಎಂದು ಕೇಳಿದ. ಮೊದಲು ಸೂರ್ಯನ ಮೇಲೆ ಇಡಿಸಿದೆ. ಎಂಥ ಚೆಂದ! ಅರ್ಧ ಆಕಾಶ, ಅರ್ಧ ನೀರು, ನಡುವೆ ಅವನು. ಅಟೆಂಡರ್ ಮಾತು ನೆನಪಾಗಿ ನನ್ನ ಕೊರಳು ತಾನಾಗಿ ನೆಟ್ಟಗಾಯಿತು. ಆದರೆ ಅದರಲ್ಲಿ ಅಕ್ಕನ ಸೀರೆಯ ಒಂದು ಎಳೆಯೂ ಇರಲಿಲ್ಲ. ಮನಸ್ಸು ಗಟ್ಟಿ ಮಾಡಿ ಚೌಕವನ್ನು ಎಡಕ್ಕೆ ಸರಿಸು ಅಂದೆ. ಸೂರ್ಯ ಹೋದ. ಹಸಿರು ಸೀರೆಯ ಹೆಂಗಸು ಯಾಕೆ ಬೇಕು ಎಂದು ಇನ್ನಷ್ಟು ಸರಿಸಿದೆ, ಅವರೂ ಹೋದರು. ಈಗ ಚೌಕದ ತುಂಬ ಅಕ್ಕ ಒಬ್ಬಳೇ, ನೀರಿನ ಮುಂದೆ.

ಕುಮಾರ ಅದನ್ನು ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿ, ‘ಯಾವಾಗ ತೀರ್ಕಂಡ್ರು ಸಾ?’ ಅಂದ.

ಅವನದೇನೂ ತಪ್ಪಿಲ್ಲ. ನಮ್ಮ ಕಡೆ ಮನೆಗಳಲ್ಲಿ ಬದುಕಿರುವವರು ಗೋಡೆ ಏರುವುದು ಗುಂಪಿನಲ್ಲಿ, ಮದುವೆಯದೋ ನಾಮಕರಣದ್ದೋ ಫೋಟೊದಲ್ಲಿ. ಒಬ್ಬರೇ ದೊಡ್ಡದಾಗಿ ಫ್ರೇಮಿನೊಳಗೆ ನಿಂತರೆಂದರೆ ಮನೆಗೆ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಾರೆ, ಹಬ್ಬದ ದಿನ ಯಾರಾದರೂ ಮರೆತು ಹೂವನ್ನೂ ಹಾಕಿಬಿಡುತ್ತಾರೆ. ನಾನು ಅವಸರದಲ್ಲಿ ‘ಅಯ್ಯೋ, ನಿನ್ನೆ ರಾತ್ರಿ ಕೂಡ ಮುದ್ದೆ ತಿಂದವ್ಳೆ ಕಣಯ್ಯ’ ಅಂದೆ. ಕುಮಾರ ಸಾರಿ ಕೇಳಿದ. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ‘ಸೂರ್ಯನ್ನ ಕಿತ್ತು ಅಮ್ಮನ ತಲೆ ಮ್ಯಾಲೆ ಕೂರುಸ್ಬುಡ್ಲಾ ಸಾ, ಒಂದ್ ನಿಮಿಷದ ಕೆಲ್ಸ’ ಅಂದ. ಸತ್ಯವನ್ನು ಸಾಬೀತು ಮಾಡಲು ಹೊರಟವರು ಸೂರ್ಯನನ್ನು ಕೀಳಿಸುವುದು ಯಾವ ನ್ಯಾಯ? ಬೇಡವೆಂದು ಹೇಳಿ, ಫ್ರೇಮಿನಲ್ಲಿ ಯಾರಿರಲಿ ಎಂದು ಕೇಳಲು ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿದೆ. ಒಳಗೊಳಗೆ, ನನ್ನ ಸೂರ್ಯನನ್ನು ಅಕ್ಕನೇ ಉಳಿಸಿಕೊಟ್ಟಾಳೆಂಬ ಆಸೆ.

‘ಸೂರ್ಯ ಬ್ಯಾಡ’ ಅಂದಳು ಅಕ್ಕ, ಕುಂಬಳಕಾಯಿ ಬೇಡ ಅಂದಷ್ಟು ಸಲೀಸಾಗಿ.

‘ಅವನೇ ಅಲ್ಲವೇನಕ್ಕ ಸಾಕ್ಷಿ’ ಅಂದೆ.

‘ಏನ್ ಸಾಕ್ಸಿ? ಪೋಟದಲ್ಲಿ ಅವ್ನು ಅಲ್ಲಾಡ್ತನಾ? ಉಟ್ತಾವ್ನೋ ಮುಳುಗ್ತಾವ್ನೋ ಏನ್ ಗೊತ್ತಾದದು? ನೋಡು, ಉಟ್ತಾವ್ನೆ ಅಂತ ಚಿನ್ನಮ್ಮ ಗ್ಯಾರಂಟಿ ಅಂತಾಳೆ.’

ನಾನು ಪರದೆಯ ಕಡೆ ತಿರುಗಿ ನೋಡಿದೆ. ಅವಳು ಹೇಳಿದ್ದು ನಿಜ. ಇಷ್ಟು ದಿನ ನಾನು ಊರೆಲ್ಲ ಹೊತ್ತು ತಿರುಗಿದ ಸೂರ್ಯಾಸ್ತ, ಹೇಳುವವರಿಲ್ಲದಿದ್ದರೆ ಸೂರ್ಯೋದಯವೇ.

‘ಹಾಗಾದರೆ ನೀನೊಬ್ಬಳೇ ಆಗ್ತೀಯ, ಒಬ್ಬಳೇ ಇದ್ದರೆ...’ ಎಂದು ಮುಂದಿನದನ್ನು ನುಂಗಿಕೊಂಡೆ. ಅಕ್ಕನಿಗೆ ಅರ್ಥವಾಯಿತು.

‘ಒಬ್ಬಳೇ ಯಾಕ್ಲಾ? ಆ ಅಸುರ್ ಸೀರೆಯವ್ಳು ಇಲ್ವಾ? ಅವಳ್ನ ಬುಡಬ್ಯಾಡ.’

‘ಯಾರಕ್ಕ ಅವರು?’

‘ನಂಗೇನ್ ಗೊತ್ತು. ಎಸ್ರೂ ಕೇಳ್ನಿಲ್ಲ. ಅವ್ಳೂ ಮೊದಲ್ನೇ ಸಲ ನೋಡ್ತಿದ್ದದು. ಅಲೆ ಬಂತಲ್ಲ, ನಾ ಎದ್ರಿ ಅವ್ಳ ಕೈ ಇಡ್ಕಂಡೆ, ಅವ್ಳು ಎದ್ರಿ ನನ್ ಕೈ ಇಡ್ಕಂಡ್ಳು. ಆಮೇಕೆ ಇಬ್ರೂ ನಕ್ವಿ.’

ಕುಮಾರನಿಗೆ ದೊಡ್ಡದು ಮಾಡು ಅಂದೆ. ಎರಡು ಸೀರೆಗಳ ನಡುವೆ, ನಿಜವಾಗಿ, ಎರಡು ಕೈ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಆ ಫೋಟೊವನ್ನು ನಾನು ಎಷ್ಟು ಸಲ ನೋಡಿದ್ದೆನೋ, ಆ ಕೈಗಳನ್ನು ನೋಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಜೀವಮಾನದಲ್ಲಿ ಮೊದಲ ಸಲ ಸಮುದ್ರಕ್ಕೆ ಹೆದರಿದಾಗ ಅವಳು ಹಿಡಿದ ಕೈ ನನ್ನದಾಗಿರಲಿಲ್ಲ. ಚೌಕವನ್ನು ಅಲ್ಲಿಗೇ ನಿಲ್ಲಿಸಿದೆವು.

ಭಾನುವಾರ ಫ್ರೇಮನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ. ಹನೂರಿನಲ್ಲಿ ಒಬ್ಬರು ಯಾವ ದೇವರು ಎಂದು ಕೇಳಿದರು. ರಾಮಾಪುರದಲ್ಲಿ ಇನ್ನೊಬ್ಬರು ಕೇಳದೆಯೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನು ಬೇಡ ಅನ್ನಲು ಹೋಗಲಿಲ್ಲ. ಹೂಗ್ಯಂ ತಲುಪುವ ಹೊತ್ತಿಗೆ ಅಕ್ಕನ ಮನೆಯ ನಡುಮನೆಯಲ್ಲಿ ಬೀದಿಯ ಹೆಂಗಸರು ಸೇರಿದ್ದರು, ಚಿನ್ನಮ್ಮ ಎಲೆ ಅಡಿಕೆ ಹಾಕಿಕೊಂಡು ಮುಂದೆಯೇ ಕೂತಿದ್ದರು. ಮೊಳೆಗೆ ಫ್ರೇಮು ಸಿಕ್ಕಿಸಿದೆ. ಚಿನ್ನಮ್ಮ ಎದ್ದು ಬಂದು ಗಾಜಿನ ಮುಂದೆ ನಿಂತರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು. ನನಗೆ ಪರೀಕ್ಷೆಯ ರಿಸಲ್ಟಿಗೆ ಕಾದು ನಿಂತಂತಾಗಿತ್ತು.

ಸೂರ್ಯ ಎಲ್ಲಿ ಎಂದು ಚಿನ್ನಮ್ಮ ಕೇಳಲೇ ಇಲ್ಲ. ಅವರು ನೋಡುತ್ತಿದ್ದದ್ದು ಎರಡು ಜೊತೆ ಪಾದಗಳನ್ನು, ನೊರೆಯೊಳಗೆ ಹಿಮ್ಮಡಿ ಹೂತುಹೋಗಿದ್ದನ್ನು.

‘ಅಲೆ ವಾಪಸ್ ಓಯ್ತಾ ಕಾಲಡಿ ಮಣ್ಣ ಎಳ್ಕಂಡ್ ಓಯ್ತಲ್ವಾ?’ ಎಂದು ಮೆಲ್ಲಗೆ ಕೇಳಿದರು.

‘ಊಂ. ಭೂಮಿನೇ ಓಯ್ತಾ ಅದೆ ಅನ್ಸ್ತು’ ಅಂದಳು ಅಕ್ಕ.

‘ಆಮಾ, ಔದು. ನಂಗೂ ಅಂಗೇ ಆಯ್ತು. ನಮ್ ಭಜನೆ ಯಜಮಾನ್ರ ಅಂಗೀನೇ ಇಡ್ಕಬುಟ್ಟಿದ್ದೆ.’ ಇಬ್ಬರೂ ಒಟ್ಟಿಗೆ ನಕ್ಕರು. ಆಮೇಲೆ ಚಿನ್ನಮ್ಮ ಬೀದಿಯವರ ಕಡೆ ತಿರುಗಿ ತೀರ್ಪು ಕೊಟ್ಟರು: ‘ಓಗವ್ಳೆ. ನೀರಿಗ್ ಇಳ್ದೋರ್ಗೇ ಗೊತ್ತು ಅದು. ನನ್ ಸಮುದ್ರದಲ್ಲಿ ಉಟ್ಟಿ ಇವ್ಳ ಸಮುದ್ರದಲ್ಲಿ ಮುಳುಗ್ತನೇನೋ ಅವ್ನು, ಯಾರ್ ಕಂಡವ್ರು.’ ಅಕ್ಕನ ಮುಖ ಹೇಗೆ ಅರಳಿತೆಂದರೆ, ನನ್ನ ಸೂರ್ಯನನ್ನು ಕತ್ತರಿಸಿದ ದುಃಖ ನನಗೆ ಅಲ್ಲೇ ಮರೆತುಹೋಯಿತು.

ಕಾಫಿ ಬಂತು. ಗುಂಪಿನಲ್ಲಿದ್ದ ಒಬ್ಬಾಕೆಗೆ ಹೊಸ ಅನುಮಾನ ಹುಟ್ಟಿತು. ಫೋಟೊವನ್ನೂ ನನ್ನನ್ನೂ ನೋಡಿ, ‘ನಿನ್ ತಮ್ಮನ್ ಜೊತೆ ಓಗಿದ್ದೆ ಅಂದೆ. ಇದ್ರಲ್ಲಿ ಇವಯ್ಯ ಎಲ್ಲೂ ಇಲ್ವಲ್ಲ’ ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಫೋನು, ಕ್ಯಾಮೆರಾ ಎಂದೆಲ್ಲ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅಂದಳು:

‘ಅವ್ನಾ? ಈಗ ಚಿನ್ನಮ್ಮ ನಿಂತವ್ಳಲ್ಲ, ಅಲ್ಲೇ ನಿಂತಿದ್ದ. ನನ್ನೇ ನೋಡ್ಕಂಡು.’

ಚಿನ್ನಮ್ಮ ತಾವು ನಿಂತಿದ್ದ ನೆಲವನ್ನೊಮ್ಮೆ ನೋಡಿಕೊಂಡು, ಕಾಫಿ ಲೋಟ ಹಿಡಿದೇ ಗೌರವದಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬಾ ಎಂದು ಕಣ್ಣಲ್ಲೇ ಕರೆದರು. ಆ ಸಂಜೆ ನಾನು ನೋಡುತ್ತಿದ್ದದ್ದು ಸೂರ್ಯನನ್ನು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಹೋಗಿ ಆ ಜಾಗದಲ್ಲಿ ನಿಂತುಕೊಂಡೆ, ಈ ಸಲವಾದರೂ ಅಕ್ಕನನ್ನೇ ನೋಡುತ್ತ.