ನಮ್ಮ ಮನೆಯ ದೊರೆ ರೇಂಜರಾದ ಬಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ನನಗೆ ಕತೆ ಹೇಳಲು ಸರಿಯಾಗಿ ಬರುವುದಿಲ್ಲ. ಹುಣಸೂರಿನಲ್ಲಿ ಅಂಗಡಿಗಳ ಬೋರ್ಡು ಬರೆಯುವುದು, ಗಾಡಿಗಳಿಗೆ ಬಣ್ಣ ಬಳಿಯುವುದು ನನ್ನ ಕಸುಬು. ಇದುವರೆಗೆ ನಾನು ಬರೆದಿರುವ ಅತ್ಯಂತ ಉದ್ದದ ಬರಹವೆಂದರೆ ಒಂದು ಜವಳಿ ಅಂಗಡಿಯ ಬೋರ್ಡು. ಅದರಲ್ಲೂ ಕೊನೆಯ ಎರಡು ಅಕ್ಷರಕ್ಕೆ ಜಾಗ ಸಾಲದೆ ಬಾಗಿಲ ಚೌಕಟ್ಟಿನ ಮೇಲೆ ಬರೆಯಬೇಕಾಯಿತು. ಆದರೂ ಈಗ ಬರೆಯಲು ಕುಳಿತಿರುವುದಕ್ಕೆ ಕಾರಣವುಂಟು. ನವರಾತ್ರಿ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಒಂದು ಗೊಂಬೆಯಿಂದ ಏನಾದರೊಂದು ತಮಾಷೆ ನಡೆದೇ ನಡೆಯುತ್ತದೆ. ಆ ಗೊಂಬೆಯನ್ನು ಈಗಿನ ಸ್ಥಿತಿಗೆ ತಂದವನು ನಾನು. ಹೇಳಿಕೊಳ್ಳದೆ ಇರಲಾರೆ.

೧. ದೊರೆಗೆ ಬೇರೆ ಕೆಲಸ

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ಎಲ್ಲರಿಗೂ ಗೊತ್ತಿರುವುದೇ. ಆದರೂ ಹೇಳಿಬಿಡುತ್ತೇನೆ. ಪೆಟ್ಟಿಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಬಿಳಿ ಪಂಚೆ ಹಾಸಿ, ಮೇಲುಗಡೆ ಪಟ್ಟದ ರಾಜ ರಾಣಿಯನ್ನೂ ಕೆಳಗೆ ಉಳಿದ ಗೊಂಬೆಗಳನ್ನೂ ಇಡುತ್ತಾರೆ. ನೋಡಲು ಬಂದವರಿಗೆ ತಿಂಡಿ ಕೊಡುತ್ತಾರೆ. ನನ್ನವಳು ಕೃಷ್ಣರಾಜನಗರದವಳು. ಮದುವೆಯಾಗಿ ಬರುವಾಗ ಒಂದು ಪೆಟ್ಟಿಗೆ ಗೊಂಬೆ ತಂದಳು. ಅದರಲ್ಲಿ ಗೇಣುದ್ದದ ಒಬ್ಬ ಪಿಂಗಾಣಿಯ ಇಂಗ್ಲಿಷ್ ದೊರೆ ಇದ್ದ. ಕೆಂಪು ಕೋಟು, ಟೋಪಿ, ಬೂಟು, ಕೈಯಲ್ಲಿ ಬಂದೂಕು. ಅವಳ ಅಪ್ಪ ತಂದುಕೊಟ್ಟದ್ದು. ಅವರು ಈಗ ಇಲ್ಲ. ಅದಕ್ಕೇ ಆ ಗೊಂಬೆಯೆಂದರೆ ಅವಳಿಗೆ ಜೀವ.

ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮೆಟ್ಟಿಲ ಮೇಲೆ ದೊರೆಯನ್ನು ನೋಡಿ ಅವ್ವ ಅಂದಳು: "ದೊರೆಗಳೆಲ್ಲ ಹಡಗು ಹತ್ಕೊಂಡು ಹೋದ್ರು. ಇವನೊಬ್ಬ ಯಾಕ್ಲಾ ನಮ್ಮನೇಲಿ ಉಳ್ಕೊಂಡವ್ನೆ? ಕೆಳಗಿಳ್ಸು."

ನನ್ನವಳು ದೊರೆಯನ್ನು ಇಳಿಸಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದಳು. ಬಿಚ್ಚಿ ನೋಡಿದಳು. ಮತ್ತೆ ಸುತ್ತಿದಳು. ಮತ್ತೆ ಬಿಚ್ಚುವಾಗ ನಾನು ಕೈಯಿಂದ ತೆಗೆದುಕೊಂಡೆ.

"ಅವ್ವ, ಒಂದು ದಿನ ಟೈಮ್ ಕೊಡು. ಇವನಿಗೆ ಬೇರೆ ಕೆಲಸ ಕೊಡಿಸ್ತೀನಿ," ಅಂದೆ.

ಪಿಂಗಾಣಿಯ ಮೇಲೆ ಬಣ್ಣ ಸುಮ್ಮನೆ ನಿಲ್ಲುವುದಿಲ್ಲ. ಮೊದಲು ಉಪ್ಪುಕಾಗದದಿಂದ ಉಜ್ಜಬೇಕು. ಉಜ್ಜಿದೆ. ಮುಖಕ್ಕೆ ನಮ್ಮ ಬಣ್ಣ ಕೊಟ್ಟೆ, ಕೋಟನ್ನು ಖಾಕಿ ಮಾಡಿದೆ, ಟೋಪಿಯ ಮೇಲೆ ಬಟ್ಟೆಯ ಪಟ್ಟಿ ಸುತ್ತಿ ಹುಣಸೆಬೀಜದ ಅಂಟಿನಲ್ಲಿ ಪೇಟವಾಗಿ ನಿಲ್ಲಿಸಿದೆ, ಮೀಸೆ ಬರೆದೆ. ಬಂದೂಕು ಹೇಗೂ ಇತ್ತಲ್ಲ, ಕಾಡು ಕಾಯುವ ಗಾರ್ಡು ಮಾಡಿದೆ. ಮುಂದೆ ಒಂದು ಪುಟ್ಟ ಬೋರ್ಡು ಇಟ್ಟೆ: ಫಾರೆಸ್ಟ್ ಗಾರ್ಡು, ವೀರನಹೊಸಹಳ್ಳಿ. ಹುಟ್ಟಿದ್ದು ಹಾರನಹಳ್ಳಿಯ ರೈತರ ಮನೆಯಲ್ಲಿ, ಆನೆ ಕಂಡರೂ ಹೆದರುವವನಲ್ಲ ಎಂದು ಕತೆಯನ್ನೂ ಕಟ್ಟಿದೆ.

ಅವ್ವ ತಿರುಗಿಸಿ ತಿರುಗಿಸಿ ನೋಡಿ, "ಹೂಂ. ದುಡಿಯೋನು ಆದ್ರೆ ಇರ್ಲಿ ಬುಡು," ಅಂದಳು.

ಒಂದು ಮಾತ್ರ ನನ್ನಿಂದಾಗಲಿಲ್ಲ. ಕಣ್ಣು ಗಾಜಿನವು, ಎಷ್ಟು ಬಳಿದರೂ ಬಣ್ಣ ಉದುರುತ್ತಿತ್ತು, ನೀಲಿಯಾಗಿಯೇ ಉಳಿದವು. ಮೊದಲ ದಿನವೇ ಎದುರು ಮನೆಯಾಕೆ ಬಗ್ಗಿ ನೋಡಿ ಕೇಳಿದರು: "ಅಲ್ಲ ಕಣವ್ವ, ಗಾರ್ಡಿಗೆ ಬೆಕ್ಕಿನ ಕಣ್ಣು ಯಾಕೆ?"

ನನ್ನವಳು ತಟ್ಟೆಗೆ ಉಸಲಿ ಹಾಕುತ್ತಾ ತಲೆಯೆತ್ತದೆ ಅಂದಳು: "ಕತ್ತಲಲ್ಲಿ ಕಾಡು ಕಾಯ್ಬೇಕಲ್ಲಕ್ಕ. ಕಣ್ಣು ನೋಡೇ ಕೆಲಸಕ್ಕೆ ತಗೊಂಡಿದ್ದು."

೨. ನಿಂತು ತಿಂದ ಗಾರ್ಡು

ಮರುವರ್ಷ ನಿಜವಾದ ಗಾರ್ಡೇ ಮನೆಗೆ ಬಂದರು. ಮರದ ಡಿಪೋಗೆ ಕೆಲಸದ ಮೇಲೆ ಬಂದವರು ಮಕ್ಕಳನ್ನೂ ಗೊಂಬೆ ನೋಡಲು ಕರೆತಂದಿದ್ದರು. ಚಾಪೆಯ ಮೇಲೆ ಆರಾಮವಾಗಿ ಕುಳಿತು, ನಮ್ಮ ಗೊಂಬೆಯನ್ನು ಬಹಳ ಹೊತ್ತು ದಿಟ್ಟಿಸಿದರು. ತಮ್ಮ ಕಸುಬಿನ ಗೊಂಬೆ ಕಂಡು ಸಂತೋಷವಾಗಿರಬೇಕು ಎಂದುಕೊಂಡೆ.

"ತಪ್ಪು ಮಾಡಿದ್ದೀರಿ ಸ್ವಾಮಿ," ಅಂದರು. "ಗಾರ್ಡು ಅಂತ ಬರ್ದಿದ್ದೀರಿ. ನಮ್ಮ ಕಡೆ ಗಾರ್ಡು ಕಾಲಿಗೆ ಪಟ್ಟಿ ಸುತ್ತಿ ಚಪ್ಪಲಿ ಹಾಕ್ತಾನೆ. ಮೊಣಕಾಲುದ್ದ ಬೂಟು ಹಾಕೋರು ರೇಂಜರು."

ಅವ್ವ ಬಾಗಿಲ ಮರೆಯಿಂದ ನನ್ನನ್ನೇ ನೋಡುತ್ತಿದ್ದಳು. ಗೊಂಬೆ ಸುಳ್ಳೆಂದು ಹೊರಗಿನವರ ಎದುರು ಸಾಬೀತಾದರೆ ಮತ್ತೆ ಪೆಟ್ಟಿಗೆ ಸೇರುವುದೇ ಗತಿ. ನಾನು ಕುಂಚ ತಂದು ಅವರೆದುರಿಗೇ ಬೋರ್ಡು ತಿದ್ದಿದೆ: ರೇಂಜರ್, ಹೆಗ್ಗಡದೇವನಕೋಟೆ. ಬಡ್ತಿಯಾದರೆ ವರ್ಗವೂ ಆಗಬೇಕಲ್ಲ, ಅದಕ್ಕೆ ಕೋಟೆ ಅಂತ ಹಾಕಿದೆ.

"ಈಗ ಸರಿಯಾಯ್ತಾ?" ಎಂದು ಕೇಳಿದೆ.

"ಸರಿಯಾಯ್ತು," ಎನ್ನುತ್ತಾ ಗಾರ್ಡು ಎದ್ದು ನಿಂತರು. ನನ್ನವಳು ತಿಂಡಿಯ ತಟ್ಟೆ ಹಿಡಿದು ಬಂದು, "ಕೂತ್ಕೊಳ್ಳಿ ಅಣ್ಣ," ಅಂದಳು.

"ಬ್ಯಾಡ ತಾಯಿ, ಸಾಹೇಬ್ರು ಎದುರ್ಗೇ ಅವ್ರಲ್ಲ," ಎಂದು ನಿಂತೇ ತಿಂದು ಮುಗಿಸಿದರು.

೩. ಪರಿಚಯದವರು

ಅದರ ಮುಂದಿನ ವರ್ಷ ಕೋಟೆಯ ಕಡೆಯ ಯಜಮಾನರೊಬ್ಬರು ಗಾಡಿಗೆ ಬಣ್ಣ ಹಾಕಿಸಲು ಬಂದಿದ್ದರು. ಬಣ್ಣ ಒಣಗುವವರೆಗೆ ಗೊಂಬೆ ನೋಡಿ ಎಂದು ಒಳಗೆ ಕರೆದೆ. ನಾನು ಕತೆ ಶುರುಮಾಡುವ ಮೊದಲೇ ಕೈ ಅಡ್ಡ ಹಿಡಿದರು.

"ಇವ್ರನ್ನ ನನಗೇ ಯೋಳ್ತೀರಾ? ನಮ್ಮ ಕೋಟೆ ರೇಂಜರು. ಒಂದ್ಸಲ ನನ್ನ ಸೌದೆ ಗಾಡಿ ತಡೆದು, ಎತ್ತಿನ ಮಕ ನೋಡಿ ಬುಟ್ಕಳ್ಸಿದ್ರು. ದೇವ್ರಂಥೋರು."

ಇದು ಗೊಂಬೆ, ಮೊದಲು ದೊರೆಯಾಗಿತ್ತು, ಬಣ್ಣ ಬಳಿದವನು ನಾನೇ, ಹೆಸರನ್ನೂ ಇಟ್ಟಿಲ್ಲ ಎಂದು ಕ್ರಮವಾಗಿ ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಅವ್ವನ ಕಡೆ ತಿರುಗಿ ಅಂದರು: "ನಿಮ್ಮ ಮಗ ಒಳ್ಳೇವ್ರು ಕಣಮ್ಮ. ಆದ್ರೆ ಕೋಟೆ ಕಡೆ ಜಾಸ್ತಿ ಓಡಾಡಿಲ್ಲ ಅಂತ ಕಾಣುತ್ತೆ."

೪. ಸಂಬಂಧ

ಇದು ಈ ವರ್ಷದ್ದು. ಹಿಂದಿನ ಬೀದಿಯ ಹೊಗೆಸೊಪ್ಪಿನ ವ್ಯಾಪಾರಿಗಳ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದರು. ಅವರ ಮನೆಗೆ ಹೊಸದಾಗಿ ಚನ್ನಪಟ್ಟಣದ ಒಂದು ಹುಡುಗಿ ಗೊಂಬೆ ಬಂದಿದೆಯಂತೆ. ಮಕ್ಕಳೆಲ್ಲ ಸೇರಿ ಗೊಂಬೆ ಮದುವೆ ಮಾಡಬೇಕೆಂದಿದ್ದಾರೆ, ರೇಂಜರನ್ನು ಕೊಡುತ್ತೀರಾ ಎಂದು ಕೇಳಲು ಬಂದದ್ದು. ಗೊಂಬೆ ಮದುವೆ ಮಕ್ಕಳಾಟವಷ್ಟೆ. ಆದರೆ ಅವ್ವ ಸೆರಗು ಸರಿಮಾಡಿಕೊಂಡು ಎದುರಿಗೆ ಕುಳಿತಳು.

"ಹೆಣ್ಣು ಮರದ್ದಾ? ನಮ್ಮ ಹುಡುಗ ಪಿಂಗಾಣಿ ಕಣವ್ವ."

"ಮರದ್ದಾದ್ರೇನು, ಬಿದ್ರೂ ಒಡೆಯೋಳಲ್ಲ. ನಿಮ್ಮೋನು ಒಂದ್ಸಲ ಕೈ ಜಾರಿದ್ರೆ ಮುಗೀತು. ಅಂದಂಗೆ ಹುಡುಗ ಯಾರ ಕಡೆಯೋನು?"

ಹಾರನಹಳ್ಳಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಅವ್ವ ಅಷ್ಟರಲ್ಲಿ ಅಂದಳು: "ನಮ್ಮ ಸೊಸೆ ತವರಿನ ಕಡೆ. ಬೀಗರು ತಮ್ಮ ಕೈಯಾರೆ ತಂದುಕೊಟ್ಟ ಹುಡುಗ. ಅಂಥ ಮನೆತನ ಹುಡುಕಿದ್ರೂ ಸಿಕ್ಕಲ್ಲ."

ನನ್ನವಳು ಆಗ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಲೋಟ ತುಂಬಿತು, ತಟ್ಟೆ ತುಂಬಿತು, ಆಮೇಲೆ ಚಾಪೆಯೂ ನೆನೆಯಿತು. ನಾನು ಬಣ್ಣ ಬಳಿದ ಗಾಡಿಗಳು ನಾಲ್ಕು ತಾಲ್ಲೂಕಿನಲ್ಲಿ ಓಡಾಡುತ್ತವೆ. ಆದರೆ ಆ ಹೊತ್ತಿನಷ್ಟು ಹೆಮ್ಮೆ ನನಗೆ ಯಾವ ಗಾಡಿಯಿಂದಲೂ ಆಗಿಲ್ಲ.

ಹೆಣ್ಣಿನ ಕಡೆಯವರದು ಒಂದೇ ತಕರಾರು. ಬೋರ್ಡು ನೋಡಿ ಮುಖ ಸಣ್ಣಗೆ ಮಾಡಿದರು. "ಕೋಟೆ ಅಂದ್ರೆ ಚಳಿಜ್ವರದ ಸೀಮೆ. ಅಲ್ಲಿಗೆ ಹೆಣ್ಣು ಕೊಡಕ್ಕಾಗಲ್ಲ."

"ಅಷ್ಟೇ ತಾನೆ," ಎಂದು ಅವ್ವ ನನ್ನ ಕಡೆ ತಿರುಗಿದಳು. "ಕೃಷ್ಣರಾಜನಗರಕ್ಕೆ ವರ್ಗ ಮಾಡ್ಲಾ. ನಾಲೆ ನೀರು, ಗದ್ದೆ ಅನ್ನ, ರೈಲು ಎಲ್ಲಾ ಅವೆ."

"ಅವ್ವ, ಅಲ್ಲಿ ಕಾಡೇ ಇಲ್ಲ. ರೇಂಜರಿಗೆ ಏನು ಕೆಲಸ?"

"ವರ್ಗ ಮಾಡೋದು ನಿನ್ನ ಕೆಲಸ. ಅವನ ಕೆಲಸ ಅವನು ನೋಡ್ಕೋತಾನೆ."

ಬೋರ್ಡು ತಿದ್ದಿದೆ. ಮದುವೆ ಇವತ್ತೇ. ಈಗಿನ ತೊಂದರೆಯೇನೆಂದರೆ, ಗಂಡು ಹಸೆಮಣೆಯ ಮೇಲೆ ಕೂರಬೇಕು. ಇವನ ಬೂಟು, ಕಾಲು ಎಲ್ಲ ಒಂದೇ ಪಿಂಗಾಣಿ, ಮಡಚುವುದಿಲ್ಲ. ನಾನು ಯೋಚಿಸಿರುವುದು ಹೀಗೆ: ಒಂದು ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಅವನನ್ನು ಸೊಂಟದವರೆಗೆ ಒಳಗಿಳಿಸಿ, ಮುಂದೆ ಪಂಚೆಯ ನೆರಿಗೆ ಅಂಟಿಸಿದರೆ, ನೋಡುವವರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಂತೆ ಕಾಣಬೇಕು. ತೂತಿನ ಅಳತೆ ಎಷ್ಟಿರಬೇಕೆಂದರೆ...

ತಾಳಿ, ಅವ್ವ ಕರೆಯುತ್ತಿದ್ದಾಳೆ.

"ಬರ್ಯಾದ್ ಬುಟ್ಟು ಬಾರ್ಲಾ ಇತ್ತಾಗೆ. ಬೀಗರು ಬಾಗಿಲಲ್ಲಿ ನಿಂತವ್ರೆ, ಗಂಡಿನ ಅಪ್ಪ ಎಲ್ಲಿ ಅಂತ ಕೇಳ್ತಾವ್ರೆ."

ಗಂಡಿನ ಅಪ್ಪ ಅಂದರೆ ನಾನೇ. ಅದು ಹೇಗೆಂದರೆ, ಬಣ್ಣ ಬಳಿದವನು... ಬಂದೆ ಅವ್ವ, ಬಂದೆ!