ನ್ಯಾಯಾಧೀಶರ ಎಣ್ಣೆಸ್ನಾನ

ನನ್ನ ಕೈಗೆ ಬಿಡುವು ಸಿಕ್ಕಿದರೆ ಮನೆಗೆ ಕೇಡು ಎಂದು ನನ್ನ ಹೆಂಡತಿ ಸುಮಾ ಹೇಳುವುದುಂಟು. ಆ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅದಕ್ಕೆ ಪುರಾವೆ ಒದಗಿಸುವವನು ಪ್ರತಿ ಸಲವೂ ನಾನೇ.

ಹಿಲ್ಸ್‌ಬರೋ ಎಂಬ ಈ ಪರದೇಶದ ಬಡಾವಣೆಯಲ್ಲಿ ನಾವು ಬಾಡಿಗೆಗಿರುವುದು ಮೋರೀನ್ ಆಂಟಿಯ ಮನೆಯ ಕೆಳಭಾಗದಲ್ಲಿ. ಮೇಲೆ ಅವರೊಬ್ಬರೇ. ಅವರ ಮುತ್ತಜ್ಜನ ತಂದೆ ಐರ್ಲೆಂಡಿನಲ್ಲಿ ನ್ಯಾಯಾಧೀಶರಾಗಿದ್ದವರು. ಬೆಣ್ಣೆ ಮಾರುವವನ ಮಗ. ವಕೀಲಿ ಶುರುಮಾಡಿದಾಗ ಕೋರ್ಟಿನಲ್ಲಿ ಮಾತೇ ಹೊರಡುತ್ತಿರಲಿಲ್ಲವಂತೆ. ಮಾತು ಬಾರದ್ದರಿಂದ ಬೇರೆಯವರ ಮಾತು ಕೇಳುವುದನ್ನು ಕಲಿತರು, ಅದೇ ಅವರನ್ನು ನ್ಯಾಯಪೀಠಕ್ಕೆ ಏರಿಸಿತು ಎನ್ನುತ್ತಾರೆ ಆಂಟಿ. ಕುರಿ ಕದ್ದ ಅಣ್ಣತಮ್ಮಂದಿರ ಕಥೆಯನ್ನಂತೂ ಹತ್ತು ಸಲ ಕೇಳಿದ್ದೇನೆ. ಅಣ್ಣ, "ಕದ್ದವನು ತಮ್ಮ" ಎಂದ. ತಮ್ಮ, "ಹೌದು, ನಾನೇ" ಎಂದ. ನ್ಯಾಯಾಧೀಶರು ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿ, ಅಣ್ಣನ ತಪ್ಪನ್ನು ತಮ್ಮ ಹೊತ್ತುಕೊಂಡಿದ್ದಾನೆಂದು ಅರಿತು, ತಮ್ಮನನ್ನು ಬಿಟ್ಟು ಅಣ್ಣನನ್ನು ಜೈಲಿಗೆ ಕಳಿಸಿದರಂತೆ.

ನ್ಯಾಯಪೀಠದಲ್ಲಿ ಅವರು ತೊಡುತ್ತಿದ್ದ ಕುದುರೆಗೂದಲಿನ ವಿಗ್ಗು ತಗಡಿನ ಡಬ್ಬಿಯೊಂದರಲ್ಲಿ ಉಳಿದಿತ್ತು. ಸೋಮವಾರ ಮ್ಯೂಸಿಯಮ್ಮಿನವರು ಬಂದು ಒಯ್ಯುವವರಿದ್ದರು. ಮೇಲಿನ ಛಾವಣಿ ಸೋರುತ್ತದೆಂದು ಆಂಟಿ ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ನಮ್ಮಲ್ಲಿಟ್ಟು, ತಕಾನಿನಿ ಬಡಾವಣೆಯಲ್ಲಿರುವ ತಂಗಿಯ ಮನೆಗೆ ಕಾರಿನಲ್ಲಿ ಹೊರಟರು. ನರ್ಸ್ ಆಗಿರುವ ಸುಮಾಳಿಗೆ ಹಬ್ಬದ ದಿನವೂ ಡ್ಯೂಟಿ; ಅವಳನ್ನೂ ಜೊತೆಯಲ್ಲೇ ಕರೆದುಕೊಂಡು ಹೋದರು.

ಅಂದು ನರಕ ಚತುರ್ದಶಿ. ನಾನು ಅಭ್ಯಂಜನ ಮುಗಿಸಿದ ಮೇಲೂ ಬಟ್ಟಲಲ್ಲಿ ಬಿಸಿ ಎಣ್ಣೆ, ಸೀಗೆಪುಡಿ ಉಳಿದಿತ್ತು. ಸುಮ್ಮನೆ ಡಬ್ಬಿ ತೆರೆದೆ. ವಿಗ್ಗು ಹಳದಿಗಟ್ಟಿ ಕಮಟು ನಾರುತ್ತಿತ್ತು. ಹಬ್ಬದ ದಿನ ಮನೆಯಲ್ಲಿ ಯಾವ ತಲೆಯೂ ಎಣ್ಣೆ ಕಾಣದೆ ಇರಬಾರದೆಂದು ನಮ್ಮಜ್ಜಿ ಹೇಳುತ್ತಿದ್ದರು. ಪಾಪ, ಈ ತಲೆಗೆ ಹೇಳುವವರಿಲ್ಲ, ಕೇಳುವವರಿಲ್ಲ ಎನಿಸಿತು.

ಎಣ್ಣೆ ತಿಕ್ಕಿ ಸೀಗೆ ಹಚ್ಚಿ ತೊಳೆದ ಅರ್ಧ ಗಂಟೆಯಲ್ಲಿ ಸಾಲುಸಾಲು ಸುರುಳಿಗಳೆಲ್ಲ ಬಿಚ್ಚಿಕೊಂಡು, ವಿಗ್ಗು ನೆನೆದ ಗೋಣಿನಾರಿನಂತೆ ಜೋತುಬಿತ್ತು. ಹೇರ್ ಡ್ರೈಯರ್ ಹಿಡಿದರೆ ಕೂದಲು ಇನ್ನಷ್ಟು ನೆಟ್ಟಗಾಯಿತು. ಆಂಟಿ ಬರುವುದು ನಾಲ್ಕಕ್ಕೆ. ಮನೆ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗುವುದು? ಅದಕ್ಕಿಂತ, ಅವರು ಅತ್ತುಬಿಟ್ಟರೆ? ಸುಮಾಗೆ ಫೋನ್ ಮಾಡಿದೆ. "ಕಥೆ ಕಟ್ಟೋಕೆ ಹೋಗ್ಬೇಡಿ, ಇದ್ದದ್ದು ಇದ್ದ ಹಾಗೆ ಹೇಳ್ಬಿಡ್ರೀ" ಎಂದಳು.

ಸರಿಯಾಗಿ ನಾಲ್ಕಕ್ಕೆ ಕಾರು ಬಂತು. ಆಂಟಿ ವಿಗ್ಗನ್ನು ಕೈಗೆತ್ತಿಕೊಂಡು, ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಸುಮಾ... ಹಬ್ಬ ಅಂತ ಅವಳು..." ಎಂದುಬಿಟ್ಟೆ.

"ಹೌದು, ಅವಳೂ ಹಾಗೇ ಹೇಳಿದಳು," ಎಂದರು ಆಂಟಿ. "ಮಧ್ಯಾಹ್ನ ಫೋನ್ ಮಾಡಿ, ತಪ್ಪೆಲ್ಲ ತನ್ನದು, ಅವನನ್ನು ಬೈಯಬೇಡಿ ಅಂದಳು. ಬೆಳಿಗ್ಗೆ ಏಳಕ್ಕೆ ಅವಳನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸಿದವಳು ನಾನು."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಆದದ್ದಿಲ್ಲ.

ಸಂಜೆ ಸುಮಾ, ಆಂಟಿ ಇಬ್ಬರೂ ಕೂತು, ಆಂಟಿಯ ಹಳೆಯ ಕರ್ಲರ್‌ಗಳಿಗೆ ಒಂದೊಂದೇ ಎಳೆ ಸುತ್ತಿ ಸುರುಳಿಗಳನ್ನು ಹೇಗೋ ಮತ್ತೆ ನಿಲ್ಲಿಸಿದರು. ಸೀಗೆ ವಾಸನೆಗೆ ಮ್ಯೂಸಿಯಮ್ಮಿನವರು ಮೂಗರಳಿಸಿದರೂ ಏನೂ ಕೇಳಲಿಲ್ಲ. ನನಗೆ ಮಾತ್ರ ಆಂಟಿ ಒಂದು ವರ್ಷ ಪ್ರತಿ ಶನಿವಾರ ಲಾನ್ ಕತ್ತರಿಸುವ ಶಿಕ್ಷೆ ವಿಧಿಸಿದ್ದಾರೆ. ಇಬ್ಬರು ಸಾಕ್ಷಿಗಳೂ ಒಂದೇ ಬಾಯಲ್ಲಿ ಸುಮಾಳೇ ಮಾಡಿದ್ದು ಎಂದರೂ ಜೈಲಿಗೆ ಹೋದವನು ನಾನು. ಮೇಲ್ಮನವಿ ಹಾಕೋಣವೆಂದರೆ ನಮ್ಮ ಮನೆಯ ಹೈಕೋರ್ಟು ಸುಮಾಳೇ. ನಾನು ಆಂಟಿಯ ಮುಂದೆ ಏನೆಂದೆನೆಂದು ಅವಳು ಇನ್ನೂ ಕೇಳಿಲ್ಲ. ಅದಕ್ಕೇ ಬೇಲಿಯಂಚಿನ ಹುಲ್ಲನ್ನೂ ಬಿಡದೆ ಕತ್ತರಿಸುತ್ತಿದ್ದೇನೆ.